ಅತ್ತೆಯ ಪತ್ತೇದಾರಿಕೆ

ಇವತ್ತು ನಾಲ್ಕು ಗಂಟೆಯ ಚಹಾ ಕುಡಿಯುವಾಗ ಮಗಳ ಮೊಬೈಲಿನಿಂದ ಒಂದು ಸಂಗೀತ ಕೇಳಿಬಂತು. ಬಾಯಿಯವರೆಗೆ ಬಂದ ಕಪ್ಪನ್ನು ಕುಡಿಯದೆ ಕೆಳಗಿಟ್ಟುಬಿಟ್ಟೆ. ಹಳೆಯ ಇಂಗ್ಲಿಷ್ ಪತ್ತೇದಾರಿ ಕಥೆಗಳನ್ನು ಹಿಂದಿಗೆ ತಂದು ಮಾಡಿದ್ದ ಟೀವಿ ಧಾರಾವಾಹಿಯ ಶುರುವಿನ ಸಂಗೀತ ಅದು. ಈಗ ಮೊಬೈಲಿಗೂ ಬಂದಿದೆಯಂತೆ. ಇಂಥದ್ದಕ್ಕೆ ಹೆದರಬೇಕಾದವರು ಕೊಲೆಗಾರರು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ನನ್ನ ಸೋದರತ್ತೆ ಕಲಬುರ್ಗಿಯಿಂದ ಬಂದು ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಮನೆಯಲ್ಲಿ ಒಂದಷ್ಟು ತಿಂಗಳು ಇದ್ದಳು. ನಿವೃತ್ತ ಶಾಲಾ ಟೀಚರ್. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದಳಂತೆ. ದಿನಾ ಸಂಜೆ ಆ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಜಾಹೀರಾತು ಬಂದಾಗ ಟೀವಿಯ ಸದ್ದಡಗಿಸಿ ಅತ್ತೆ ಕೊಲೆಗಾರ ಯಾರೆಂದು ಹೇಳುವಳು. ಬಹಳ ಸಲ ಸರಿಯಾಗುತ್ತಿತ್ತು. ತಪ್ಪಿದರೆ ಕಥೆ ಬರೆದವನದೇ ತಪ್ಪು.

ಟೀವಿಯೊಳಗಿನ ಕೊಲೆಗಾರರು ಸಾಲದೆ ಅವಳ ಕಣ್ಣು ಮೇಲಿನ ಮನೆಗೆ ಹೋಯಿತು. ಅಲ್ಲಿ ಗಂಡ ಹೆಂಡತಿ ಇಬ್ಬರೇ ಬಾಡಿಗೆಗೆ ಬಂದಿದ್ದರು. ಆತನಿಗೆ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಕೆಲಸ. ಬಟ್ಟೆಯಿಂದ ಘಾಟು ಹೊಡೆಯುತ್ತಿತ್ತು. ವಾಚ್‌ಮನ್ ಹತ್ತಿರ ತೆಲುಗು, ಹಾಲಿನವನ ಹತ್ತಿರ ಹಿಂದಿ, ಅದೂ ಎರಡೇ ಮಾತು. ಆಗಾಗ ಕೈಯಲ್ಲೊಂದು ಪುಟ್ಟ ಥರ್ಮಾಕೋಲ್ ಡಬ್ಬಿ. ಕಿಟಕಿಗೆ ಹಗಲೂ ಪರದೆ. ಹೆಂಡತಿಯನ್ನು ಬಂದ ದಿನದ ನಂತರ ಯಾರೂ ಕಂಡಿರಲಿಲ್ಲ. ಇಷ್ಟನ್ನೂ ಜೋಡಿಸಿ ಅತ್ತೆ, ಇವನು ಆಕೆಗೆ ಸ್ವಲ್ಪ ಸ್ವಲ್ಪವೇ ವಿಷ ಹಾಕುತ್ತಿದ್ದಾನೆ ಎಂದು ತೀರ್ಮಾನಿಸಿದಳು. ನಾನು ನಕ್ಕೆ. ಆಮೇಲೆ, ನಾಚಿಕೆಯಿಂದಲೇ ಹೇಳುತ್ತೇನೆ, ನಾನೂ ಆ ಪರದೆ ಸರಿಯಿತೇ ಎಂದು ನೋಡತೊಡಗಿದೆ.

ಇಲ್ಲಿ ಹೈದರಾಬಾದಿನ ನಮ್ಮಂಥವರ ಒಂದು ಚಾಳಿ ಹೇಳಬೇಕು. ಹೊಸ್ತಿಲು ದಾಟಿದರೆ ನಮ್ಮದು ತೆಲುಗು, ಇಲ್ಲವೇ ಹಿಂದಿ. ಕನ್ನಡ ಮನೆಯೊಳಗೆ. ಹೊರಗೆ ಕನ್ನಡ ಬೇಕಾಗುವುದು ಎದುರಿಗಿದ್ದವರನ್ನು ಎದುರಿಗೇ ಆಡಿಕೊಳ್ಳಲು ಮಾತ್ರ. ಮದುವೆಮನೆಯ ಅಡುಗೆ, ಪಕ್ಕದ ಸೀಟಿನವರ ಗೊರಕೆ, ಎಲ್ಲವನ್ನೂ ಹೀಗೇ ಧೈರ್ಯವಾಗಿ ಬಯ್ದಿದ್ದೇವೆ. ಯಾರಿಗೆ ತಿಳಿಯಬೇಕು?

ಒಂದು ಸಂಜೆ ಲಿಫ್ಟಿನಲ್ಲಿ ನಾವಿಬ್ಬರು, ಮುಂದೆ ಬಾಗಿಲ ಕಡೆ ಮುಖ ಮಾಡಿ ಆತ, ಕೈಯಲ್ಲಿ ಅದೇ ಡಬ್ಬಿ. ಅತ್ತೆ ದನಿ ತಗ್ಗಿಸಲೂ ಇಲ್ಲ.

"ನೋಡು, ಇವತ್ತೂ ತಂದಾನ. ಆಕಿ ಇನ್ನೂ ಜೀವಂತ ಅದಾಳೋ ಇಲ್ಲೋ."

ಪೊಲೀಸರಿಗೆ ಹೇಳೋಣವೇ ಎಂದು ನಾನು ನಗೆಯಾಡಿದೆ. ನಮ್ಮ ಮಹಡಿ ಬಂತು. ಆತ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟ.

"ಇನ್ನೂ ಅದಾಳ್ರಿ ಅಮ್ಮಾರ," ಎಂದ, ನಮ್ಮ ಸೀಮೆಯದೇ ಕನ್ನಡದಲ್ಲಿ. "ಔಷಧ ತಣ್ಣಗ ಇಡಬೇಕ್ರಿ, ಅದಕ್ಕ ಡಬ್ಬಿ. ಒಮ್ಮೆ ಬಂದು ನೋಡಿ ಹೋಗ್ರಿ."

ಲಿಫ್ಟಿನ ಬಾಗಿಲು ಮುಚ್ಚಿತು. ಹೊಸ್ತಿಲು ದಾಟಿದರೆ ಕನ್ನಡ ಬಿಡುವವರು ನಾವಷ್ಟೇ ಅಲ್ಲ ಎಂಬ ಇಷ್ಟು ಸಣ್ಣ ಸುಳಿವು ಅತ್ತೆಗೂ ಹೊಳೆದಿರಲಿಲ್ಲ.

ಹೋಗಬೇಕಿತ್ತು. ನಾಳೆ ಎಂದೆವು, ನಾಡಿದ್ದು ಎಂದೆವು. ಅತ್ತೆ ಅವರಿಗೆಂದು ಎರಡು ಸಲ ನಮ್ಮ ಕಡೆಯ ಚಟ್ನಿಪುಡಿ, ಶೇಂಗಾ ಹಿಂಡಿ ಕುಟ್ಟಿದಳು. ಎರಡು ಸಲವೂ ನಾವೇ ತಿಂದೆವು. ಟೀವಿ ಹಚ್ಚುವುದನ್ನು ಬಿಟ್ಟಳು. ಲಿಫ್ಟಿನ ಸದ್ದಾದರೆ ನಾನು ಮೆಟ್ಟಿಲು ಹಿಡಿಯುತ್ತಿದ್ದೆ. ಆತ ಬಯ್ದಾನು ಎಂಬ ಹೆದರಿಕೆ ದೊಡ್ಡದಲ್ಲ. ನಮ್ಮ ಮಾತನ್ನು ಆಕೆಗೆ ಹೇಳಿರಬಹುದೇ ಎಂಬುದೇ ನನ್ನನ್ನು ತಿನ್ನುತ್ತಿತ್ತು. ಹಾಸಿಗೆ ಹಿಡಿದವಳಿಗೆ, ತಾನು ಬದುಕಿದ್ದೇನೋ ಇಲ್ಲವೋ ಎಂದು ಕೆಳಗಿನವರು ಹರಟುತ್ತಾರೆಂದು ಗೊತ್ತಾದರೆ? ಊಟ ಮಾಡುವಾಗಲೂ ಕಿವಿ ಮೇಲಿನ ಮನೆಯ ಕಡೆಗೇ ಇರುತ್ತಿತ್ತು.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಅವರ ಬಾಗಿಲ ಮುಂದೆ ತುಂಬಾ ಚಪ್ಪಲಿಗಳು ಕಂಡವು. ಆಕೆ ತೀರಿಕೊಂಡಿದ್ದಳು. ಆಗಲೂ ನಾವು ಒಳಗೆ ಹೋಗಲಿಲ್ಲ. ಅತ್ತೆ ಮರುವಾರವೇ ಕಲಬುರ್ಗಿಗೆ ಹೊರಟುಬಿಟ್ಟಳು.

ಆತ ಈಗಲೂ ಮೇಲೆಯೇ ಇದ್ದಾನೆ. ಎದುರಾದರೆ ತಲೆಯಾಡಿಸುತ್ತಾನೆ, ನಾನು ಮೊಬೈಲ್ ನೋಡುತ್ತೇನೆ.

ಇವತ್ತು ಸಂಗೀತ ನಿಲ್ಲಿಸು ಎಂದು ಮಗಳನ್ನು ಗದರಿಬಿಟ್ಟೆ. ಅವಳದೇನು ತಪ್ಪು? ಚಹಾ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ಗಂಟೆ ಒತ್ತಿದ ಕೂಡಲೇ ಕೆಳಗೆ ಓಡಿಬಿಡೋಣ ಅನಿಸಿತು. ಆತ ಬಾಗಿಲು ತೆಗೆದ. ನಾಲ್ಕು ವರ್ಷ ಒಳಗೊಳಗೇ ಹೊಂದಿಸಿಟ್ಟ ಮಾತು ಒಂದೂ ಬರಲಿಲ್ಲ. ಅವತ್ತು ಲಿಫ್ಟಿನಲ್ಲಿ ಆಡಿದ್ದು ತಪ್ಪಾಯಿತು ಎಂದಷ್ಟೇ ಅಂದೆ.

ಆತ ಬಾಗಿಲನ್ನು ಪೂರ್ತಿ ತೆರೆದ.

"ಕೆಳಗಿನವ್ರು ನಮ್ಮ ಕಡೆಯವ್ರು ಅಂತಷ್ಟೇ ಆಕಿಗೆ ಹೇಳಿದ್ದೆರಿ, ಬ್ಯಾರೆ ಏನೂ ಹೇಳಲಿಲ್ಲ," ಎಂದ. "ಭಾಳ ಖುಷಿ ಆಗಿತ್ತು ಆಕಿಗೆ. ಬಂದ್ರ ಕನ್ನಡ ಮಾತಾಡಬಹುದು ಅಂತ, ದಿನಾ ಸಂಜೀಕ ತಲಿ ಬಾಚಿಸ್ಕೊಂಡು ಹಾದಿ ನೋಡ್ತಿದ್ಲು."