ಅಂಗುಳಿಗೆ ಎರಡೇ ಮಗ್ಗಲು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಗೆ ಅದನ್ನೂ ಡಾಕ್ಟರ ತಲೆಗೆ ಕಟ್ಟುವ ಪೈಕಿ ನಾನು. ತುಟಿ ಎತ್ತಬೇಡ ಅಂದಿದ್ದರು. ಎತ್ತಿದೆ. ಏಳು ಮಂದಿಗೆ ಎತ್ತಿ ತೋರಿಸಿದೆ.

ಕೇಶ್ವಾಪುರದಲ್ಲಿ ನಮ್ಮದೊಂದು ಎಸ್‌ಟಿಡಿ ಬೂತ್. ಹಗಲು ಅಲ್ಲಿ ಕೂರುತ್ತೇನೆ. ಮದುವೆ, ಸಾಲಿ ಮಕ್ಕಳ ಗ್ಯಾದರಿಂಗ್ ಇದ್ದರೆ ಮಿಮಿಕ್ರಿ ಮಾಡುತ್ತೇನೆ. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಹೋಗಿ, ಅಲ್ಲಿ ಇಂಪ್ಲಾಂಟ್, ಅಂದರೆ ಎಲುಬಿಗೆ ಲೋಹದ ತಿರುಪು ಕೂರಿಸಿ ಕಟ್ಟುವ ಹಲ್ಲು, ಹಾಕಿಸಿ ವರ್ಷವಾಗಿತ್ತು. ಒಂದು ಮುಂಜಾನೆ ಬ್ರಶ್ ಮಾಡುವಾಗ ರಕ್ತ. ಕನ್ನಡಿಯಲ್ಲಿ ನೋಡಿದರೆ ವಸಡು ಮೇಲೆ ಸರಿದು, ಬೂದು ಲೋಹ ಇಣುಕುತ್ತಿತ್ತು.

"ವಸಡು ಭಾಳ ತೆಳ್ಳಗದ," ಅಂದರು ಡಾಕ್ಟರು. "ಅಂಗುಳಿಂದ ಒಂದು ತುಂಡು ತಗದು ಇಲ್ಲೆ ಹೊಲೀಬೇಕು. ಗ್ರಾಫ್ಟ್ ಅಂತೀವಿ. ಹಂಗ ಬಿಟ್ರ ಇಂಪ್ಲಾಂಟೂ ಹೋಗ್ತದ."

ಇಂಪ್ಲಾಂಟ್ ಹಾಕಿಸುವ ಮೊದಲು ಹಲ್ಲಿಲ್ಲದೆ ಕಳೆದ ತಿಂಗಳುಗಳು ನೆನಪಾದವು. 'ಸ' ಅಂದರೆ ಬರೀ ಗಾಳಿ. ಯಾರ ದನಿ ತೆಗೆದರೂ ಬೊಚ್ಚುಬಾಯಿ ಮುದುಕನದೇ ಆಗುತ್ತಿತ್ತು. ನನ್ನ ದನಿಯೂ.

ಗ್ರಾಫ್ಟ್ ಆಯಿತು. ಬಿಸಿ ಚಹಾ ಅಂಗುಳು ಸುಟ್ಟಹಾಗೆ. ಆದರೆ ಆ ಉರಿ ಆರಲೇ ಇಲ್ಲ. ತಣ್ಣನೆ ಗಂಜಿ, ಮಜ್ಜಿಗೆ. ಮಾತು ಬಂದ್. ತುಟಿ ಎತ್ತಿದರೆ ಹೊಲಿಗೆ ಜಗ್ಗಿ ತುಂಡು ಹಿಡಿಯುವುದಿಲ್ಲ ಅಂದಿದ್ದರು.

ನಮ್ಮಲ್ಲಿ ಆಪರೇಷನ್ ಆದವರನ್ನು ನೋಡಲು ಹೋಗದಿದ್ದರೆ ಸಂಬಂಧವೇ ಕೆಡುತ್ತದೆ. ಬ್ರೆಡ್ಡು, ಮೋಸಂಬಿ ಹಿಡಿದು ಬಂದರು. ನನ್ನ ಮೈಮೇಲೆ ನೋಡಿದರೆ ಬ್ಯಾಂಡೇಜೂ ಇಲ್ಲ, ಪ್ಲಾಸ್ಟರೂ ಇಲ್ಲ.

"ಏನೂ ಆಗಿಲ್ಲಲ್ಲೋ ನಿನಗ! ಇದೂ ನಕಲಿ ಏನು?" ಅಂದ ಮುಗದ ಹಳ್ಳಿಯಿಂದ ಬಂದ ಕಾಕಾ.

ಹುಟ್ಟಿದಾಗಿನಿಂದ ಮಂದಿಯ ದನಿಯಲ್ಲಿ ಸುಳ್ಳು ಕೆಮ್ಮಿದವನ ನೋವನ್ನು ಯಾರು ನಂಬಬೇಕು? ತುಟಿ ಎತ್ತಿದೆ.

"ಅಯ್ಯಯ್ಯ, ಖರೇನ ಹೊಲಿಗಿ ಹಾಕ್ಯಾರ!"

ಆ ಉದ್ಗಾರ ನನಗೆ ಚಪ್ಪಾಳೆಯಂತೆ ಕೇಳಿತು. ಆಮೇಲೆ ಬಂದವರಿಗೆ ಅವರು ಕೇಳದಿದ್ದರೂ ತೋರಿಸಿದೆ.

ಎಂಟನೆಯ ದಿನ ಬಾಯಿ ನಾರತೊಡಗಿತು. ತುಂಡು ಬೂದಿಬಣ್ಣಕ್ಕೆ ತಿರುಗಿ, ನಾಲಿಗೆ ತಾಗಿದರೆ ಅಲುಗುತ್ತಿತ್ತು.

ಸತ್ತಿತ್ತು.

ಡಾಕ್ಟರು ಚಿಮಟದಿಂದ ಅದನ್ನೆತ್ತಿ ಹತ್ತಿಯ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಆ ದನಿಯನ್ನಾದರೂ ಕಲಿಯುತ್ತಿದ್ದೆ. "ಅಂಗುಳಿಗೆ ಇರೂದು ಎರಡ ಮಗ್ಗಲು. ಒಂದರಾಗಿಂದು ಹಾಳಾತು. ಇನ್ನೊಂದು ಹಿಡೀಲಿಲ್ಲಂದ್ರ ಇಂಪ್ಲಾಂಟ್ ತಗೀಬೇಕಾಗ್ತದ," ಅಂದರಷ್ಟೇ.

ಗಾಯ ಮಾಯಲು ಮೂರು ತಿಂಗಳು ಕಾದೆ. ಬೂತಿನಲ್ಲಿ ಗಿರಾಕಿ ಬಂದರೆ ಬಾಯಿಗೆ ಕೈ ಅಡ್ಡ. ಎರಡು ಮದುವೆಯ ಪ್ರೋಗ್ರಾಂ ಬೇರೆಯವನಿಗೆ ಹೋದವು. "ಬಾಯಿ ಮುಚ್ಚೋ ಕೋತಿ" ಎಂದು ನನ್ನನ್ನು ಬೆಳೆಸಿದ ಅವ್ವ ಒಂದು ದಿನ ತಾಟು ಮುಂದಿಟ್ಟು, "ನನ್ನಂಗ ಒಮ್ಮೆ ಮಾತಾಡಿ ತೋರ್ಸೋ," ಅಂದಳು. ಆಗಲಿಲ್ಲ. ಅವಳು ಒಳಗೆ ಹೋದಳು.

ಎರಡನೆಯ ಗ್ರಾಫ್ಟ್ ಎಡ ಮಗ್ಗಲಿನಿಂದ. ಅದೇ ಉರಿ. ಈಗ ಆರು ವಾರ. ವಸಡು ಗುಲಾಬಿಗೆ ಬಂದಿದೆ. ಹಿಡಿದಿದೆ ಅನ್ನುತ್ತಾರೆ ಡಾಕ್ಟರು. ಪೂರ್ತಿ ನಂಬಲು ನನಗಿನ್ನೂ ಧೈರ್ಯವಿಲ್ಲ. ಪುಣ್ಯ ಅರ್ಧ ಅವರದು, ಅರ್ಧ ನಮ್ಮಜ್ಜಿಯದು.

ಯಾಕೆಂದರೆ ಹೊಲಿಗೆ ಹಾಕಿದ ಮೂರನೆಯ ದಿನವೇ ಕಾಕಾ ಮತ್ತೆ ಹಾಜರು. ಕೂರುವ ಮೊದಲೇ, "ಎಲ್ಲಿ, ತೋರ್ಸು. ಈ ಸಲ ಬಿಗಿ ಹೊಲದಾರೇನು?" ಅಂದ. ನನ್ನ ಕೈ ತಾನಾಗಿಯೇ ತುಟಿಗೆ ಹೋಯಿತು.

ಅವನನ್ನು ಹೆತ್ತ ಅಜ್ಜಿ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತದೆ ಅಂದಳು:

"ನಿನ್ನ ಹರ್ನಿಯಾ ಆಪರೇಷನ್ ಆದಾಗೂ ಊರ ಮಂದಿ ನೋಡಾಕ ಬಂದಿತ್ತು. ನೀ ಯಾರಿಗೆ ಧೋತರ ಎತ್ತಿ ತೋರಿಸಿದ್ಯೋ?"