ಐದರ ತಾಳ, ನಾಲ್ಕರ ಗೆರೆ

ಆ ವರ್ಷ ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಕಳೆದುಕೊಂಡವರಿಗೆ ಬರವಿರಲಿಲ್ಲ. ಅವರಲ್ಲಿ ನಾನೂ ಒಬ್ಬಳು. ಕಾರಿನೊಳಗಿನ ಪುಟ್ಟ ಕಂಪ್ಯೂಟರುಗಳು ಒಂದಕ್ಕೊಂದು ಕಳಿಸುವ ಸಂದೇಶ ಎಲ್ಲಿ ತಡವಾಗುತ್ತದೆ ಎಂದು ಹುಡುಕುವುದು ಸೌತ್‌ಫೀಲ್ಡಿನ ಆಫೀಸಿನಲ್ಲಿ ನನ್ನ ಕೆಲಸವಾಗಿತ್ತು. ಕಾರೇ ಮಾರಾಟವಾಗದ ಮೇಲೆ ಅದರೊಳಗಿನ ತಡ ಯಾರಿಗೆ ಬೇಕು? ಮನೆಗೆ ಕಳಿಸಿದರು. ಬೆಳಿಗ್ಗೆಯೆಲ್ಲ ಕೆಲಸಕ್ಕೆ ಅಪ್ಲೈ ಮಾಡಿ, ಮಧ್ಯಾಹ್ನ ಲಿವೋನಿಯಾದ ನಮ್ಮ ಮನೆಯ ಬೇಸ್‌ಮೆಂಟಿಗೆ ಇಳಿಯುತ್ತಿದ್ದೆ. ಅಲ್ಲಿ ವಾಷಿಂಗ್ ಮಷೀನಿನ ಪಕ್ಕ ನನ್ನ ಕೀಬೋರ್ಡು, ಕಂಪ್ಯೂಟರು ಮತ್ತು ಎರಡು ಸ್ಪೀಕರುಗಳಿದ್ದವು. ಗಂಡ ಅದನ್ನು ತಮಾಷೆಗೆ ಸ್ಟುಡಿಯೋ ಎನ್ನುತ್ತಿದ್ದರು. ನಾನು ಅನ್ನುತ್ತಿದ್ದದ್ದು ತಮಾಷೆಗಲ್ಲ.

ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳ ಕೋಲಾಟವಿತ್ತು. ಹಾಡು ನನ್ನದೇ, ರಾಗವೂ ನನ್ನದೇ. ಬೇಕೆಂದೇ ಖಂಡ ನಡೆಯಲ್ಲಿ ಕಟ್ಟಿದ್ದೆ. ಒಂದು ಹೆಜ್ಜೆಗೆ ಐದು ಪೆಟ್ಟು, ತ ಕ ತ ಕಿ ಟ. ಇಲ್ಲಿನ ಮಕ್ಕಳ ಕಿವಿಗೆ ಬೀಳುವುದೆಲ್ಲ ನಾಲ್ಕು. ಐದೂ ಒಂದಿಷ್ಟು ಬೀಳಲಿ ಎಂಬ ಹಟ ನನಗಿತ್ತು.

ಮೊದಲ ರಿಹರ್ಸಲ್ಲಿನಲ್ಲೇ ಎಡವಟ್ಟಾಯಿತು. ಕೀಬೋರ್ಡಿನಲ್ಲೇ ಎಲ್ಲ ವಾದ್ಯ ಬಾರಿಸಿ ರೆಕಾರ್ಡ್ ಮಾಡಿದ್ದ ನನ್ನ ಟ್ರ್ಯಾಕ್ ಹಾಕಿದರೆ ಮಕ್ಕಳ ಕೋಲು ಒಂದು ಕಡೆ, ಅದರ ಮೃದಂಗ ಇನ್ನೊಂದು ಕಡೆ. ಸಂಘದ ಸಾಂಸ್ಕೃತಿಕ ಸಮಿತಿ ನೋಡಿಕೊಳ್ಳುತ್ತಿದ್ದ ಅಂಕಲ್, ನಿವೃತ್ತ ಡಾಕ್ಟರು, ನನ್ನನ್ನು ಪಕ್ಕಕ್ಕೆ ಕರೆದರು.

"ತಾಳ ತಪ್ತಾ ಇದೆಯಮ್ಮ. ಕೆಲಸ ಹೋದಾಗ ಹೀಗೇ, ಮನಸ್ಸು ಒಂದ್ಕಡೆ ನಿಲ್ಲಲ್ಲ. ನಾಲ್ಕಕ್ಕೆ ಮಾಡ್ಬಿಡು, ಇಲ್ಲಿ ಯಾರಿಗ್ ಗೊತ್ತಾಗತ್ತೆ? ಇಲ್ಲಾಂದ್ರೆ ಬೆಂಗಳೂರಿಂದ ಒಂದು ಸಿ.ಡಿ. ತರ್ಸೋಣ."

ಬೈದಿದ್ದರೆ ಸಹಿಸುತ್ತಿದ್ದೆನೇನೋ. ಆ ಕನಿಕರ ಮೈಯೆಲ್ಲ ಉರಿಸಿತು. ಮುಂದಿನ ರಿಹರ್ಸಲ್‌ವರೆಗೆ ಸಮಯ ಕೇಳಿ ಮನೆಗೆ ಬಂದೆ. ಗಂಡ ಎಲ್ಲ ಕೇಳಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು. ಅವತ್ತು ಅವರಿಗೆ ನಿನ್ನೆಯ ಸಾರೇ ಗತಿಯಾಯಿತು.

ನೆಲವನ್ನೇ ಪರೀಕ್ಷಿಸುವುದೆಂದು ಕೂತೆ. ಆಫೀಸಿನಲ್ಲಿ ಮಾಡುತ್ತಿದ್ದ ಹಾಗೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದೆ. ಮಿಡಿ ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವುದು ನಾದವಲ್ಲ, ಬರೀ ಸುದ್ದಿ: ಯಾವ ಕೀ, ಯಾವಾಗ, ಎಷ್ಟು ಜೋರಾಗಿ. ಸುದ್ದಿ ದಾರಿಯಲ್ಲಿ ಕೆಡುತ್ತಿದೆಯೇ? ನಾಲ್ಕಾರು ವೈರುಗಳನ್ನು ಕೂಡಿಸಲು ನಡುವೆ ಇಟ್ಟಿದ್ದ ಹಬ್ ತೆಗೆದು ಕೇಬಲ್ಲನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿದೆ. ವ್ಯತ್ಯಾಸವಾಗಲಿಲ್ಲ. ಬೆರಳು ಒತ್ತಿದ ಮೇಲೆ ಸದ್ದು ಬರುವುದು ಕೊಂಚ ತಡವಾಗುತ್ತಿತ್ತು. ಕಂಪ್ಯೂಟರು ಸದ್ದನ್ನು ಕೊಂಚ ಹೊತ್ತು ತಡೆದಿಟ್ಟು ಬಿಡುವ ಬಫರ್ ಕಡಿಮೆ ಮಾಡಿದೆ. ಬೆರಳಿಗೂ ಕಿವಿಗೂ ರಾಜಿಯಾಯಿತು, ಆದರೆ ರೆಕಾರ್ಡಾದದ್ದು ಮಾತ್ರ ಮೊದಲಿನಂತೆಯೇ ಕುಂಟುತ್ತಿತ್ತು. ಒಂದು ಕ್ಷಣ ನನಗೂ ಅನುಮಾನ ಬಂತು. ಅಂಕಲ್ ಹೇಳಿದ್ದೇ ನಿಜವಾಗಿ, ಕೆಲಸದ ಜೊತೆ ಕೈಯೂ ಹೋಯಿತೇ? ಹೆದರಿಕೆಯಾಯಿತು. ಎದ್ದು ನಿಂತು ತೊಡೆ ತಟ್ಟಿಕೊಂಡು ತಕತಕಿಟ ಹೇಳಿದೆ. ಗಟ್ಟಿಯಾಗಿತ್ತು, ಎಲ್ಲೂ ಜಾರಲಿಲ್ಲ.

ಹಾಗಾದರೆ ಎಂದು ಸ್ಕ್ರೀನನ್ನು ದೊಡ್ಡದು ಮಾಡಿ ನೋಡಿದೆ. ಅಲ್ಲಿ ಕಾಲವನ್ನು ಅಳೆಯಲು ಉದ್ದಕ್ಕೂ ಗೆರೆಗಳಿದ್ದವು, ನಾನು ಬಾರಿಸಿದ ಒಂದೊಂದು ಪೆಟ್ಟೂ ಗೆರೆಯ ಮೇಲೆ ಕೂದಲೆಳೆ ಆಚೀಚೆಯಿಲ್ಲದೆ ಕೂತಿತ್ತು. ಮನುಷ್ಯರು ಯಾರೂ ಹಾಗೆ ಬಾರಿಸುವುದಿಲ್ಲ. ಎಣಿಸಿದರೆ ಹೆಜ್ಜೆಗೆ ಗೆರೆ ನಾಲ್ಕೇ. ಐದು ಪೆಟ್ಟನ್ನು ನಾಲ್ಕು ಗೆರೆಗೆ ಹಂಚಿದ್ದರಿಂದ ಮೂರನೆಯ ಪೆಟ್ಟಾದ 'ತ'ದ ಮೇಲೆ ನಾಲ್ಕನೆಯ 'ಕಿ' ಹತ್ತಿ ಕೂತಿತ್ತು, ಬಸ್ಸಿನಲ್ಲಿ ಒಂದು ಸೀಟಿಗೆ ಇಬ್ಬರು ಕೂತ ಹಾಗೆ. ಬಾರಿಸಿದ್ದನ್ನು ತಾನಾಗಿಯೇ ಹತ್ತಿರದ ಗೆರೆಗೆ ಎಳೆದು 'ಸರಿ' ಮಾಡುವ ಕ್ವಾಂಟೈಸ್ ಎಂಬ ಸೌಲಭ್ಯ ಮೊದಲಿನಿಂದಲೂ ಆನ್ ಆಗಿತ್ತು. ಯಾರು ಕೇಳಿದ್ದರು ಅದರ ಉಪಕಾರ? ಆಫ್ ಮಾಡಿ ಇಡೀ ಹಾಡನ್ನು ಮತ್ತೆ ಬಾರಿಸಿದೆ. ಗೆರೆಯ ಆಚೀಚೆ ಪೆಟ್ಟುಗಳು ಅಸ್ತವ್ಯಸ್ತವಾಗಿ ಬಿದ್ದಿದ್ದವು, ಕೇಳಿದರೆ ತಾಳ ನೆಟ್ಟಗಿತ್ತು. ನೆಲ ಡೊಂಕಾಗಿಯೇ ಇತ್ತು ಎಂದು ಗಂಡನನ್ನು ಕೆಳಗೆ ಕರೆದು ತೋರಿಸಿದೆ. ಅವರು ತಪ್ಪಾಯಿತೆಂದು ಕಿವಿ ಹಿಡಿದುಕೊಂಡು ಹಾಡನ್ನು ಮೂರು ಸಲ ಕೇಳಿದರು.

ಶನಿವಾರ ಬೆಳಿಗ್ಗೆ, ಸಂಘ ಬಾಡಿಗೆಗೆ ಹಿಡಿದಿದ್ದ ಶಾಲೆಯ ಕೆಫೆಟೇರಿಯಾದಲ್ಲಿ ಮತ್ತೆ ರಿಹರ್ಸಲ್. ಅಂಕಲ್ ಕೈಯಲ್ಲಿ ಆಗಲೇ ಒಂದು ಸಿ.ಡಿ. ಇತ್ತು. ಅದಕ್ಕೆ ಮೊದಲು ನನ್ನದು ಹಾಕಬೇಕೆಂದು ಪಟ್ಟು ಹಿಡಿದೆ. ಮಕ್ಕಳು ಮೊದಲ ಸುತ್ತು ತಡವರಿಸಿದರು. ಎರಡನೆಯ ಸುತ್ತಿಗೆ ಒಬ್ಬಳು ಬಾಯಲ್ಲಿ ತಕತಕಿಟ ಹೇಳಿಕೊಳ್ಳತೊಡಗಿದಳು, ನೋಡನೋಡುತ್ತ ಎಲ್ಲರ ಕೋಲೂ ಕೂಡಿಕೊಂಡಿತು. ಅಂಕಲ್ ಕಾಲೂ ತಾಳ ಹಾಕುತ್ತಿದ್ದುದನ್ನು ನಾನು ನೋಡದೆ ಬಿಡಲಿಲ್ಲ.

ಹಾಡು ಮುಗಿದಾಗ ಅವರು ನಿಜವಾದ ಖುಷಿಯಿಂದಲೇ ಬಂದರು. "ತಾಳ ಸರಿಹೋಯ್ತಲ್ಲಮ್ಮ. ಕೆಲಸ ಸಿಕ್ತು ಅಂತ ಕಾಣತ್ತೆ?"

"ಇಲ್ಲ ಅಂಕಲ್," ಎಂದೆ. "ಹೋಗಿದ್ದು ಕೆಲಸ ಒಂದೇ."