ಚಕ್ರದ ಗೂಡಿನಲ್ಲಿ ಮೂರು ಗೆರೆ

ಹೆಂಡತಿ ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಹಿಂದೆ ನಿಂತು ಬಾಚಣಿಗೆಯನ್ನೇ ನೋಡುತ್ತಿದ್ದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಹೀಗೆ ನಿಂತವನಲ್ಲ. ಅವಳಿಗೆ ಅನುಮಾನ ಬಾರದೆ ಇರುತ್ತದೆಯೇ?

“ಏನ್ರೀ ಹೊಸದಾಗಿ?”

“ಒಂದು ಕೂದಲು ಬೇಕಿತ್ತು ಕಣೇ. ಉದ್ದದ್ದು. ಕರೀದು.”

“ಕರೀದು ಅಂತ ಒತ್ತಿ ಹೇಳ್ಬೇಕಾಗಿರ್ಲಿಲ್ಲ,” ಅಂದವಳೇ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. (ಅವತ್ತು ಮಧ್ಯಾಹ್ನ ಸಾರಿಗೆ ಉಪ್ಪಿರಲಿಲ್ಲ.)

ಕೂದಲು ಬೇಕಾಗಿದ್ದು ವಿಮಾನಕ್ಕೆ. ನಗಬೇಡಿ, ಹೇಳುತ್ತೇನೆ.

ತಿಪಟೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಚಿಮಟ, ಭೂತಗನ್ನಡಿ, ಸಾಸಿವೆ ಕಾಳಿನಷ್ಟು ಸ್ಕ್ರೂ ಎಲ್ಲ ಕೈಯಳತೆಯಲ್ಲೇ ಇರುವುದರಿಂದ ಮಾಡೆಲ್ ವಿಮಾನದ ಹುಚ್ಚೂ ಹತ್ತಿಕೊಂಡಿದೆ. ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ನೊಣವಿನಕೆರೆಯವರು. ವಯಸ್ಸಿನಲ್ಲಿ ಮಿಲಿಟರಿಗೆ ಸೇರಿ ವಿಮಾನದ ಫಿಟ್ಟರ್ ಆಗಿದ್ದರು. ಅದೂ ಡಕೋಟ. ನಾವು ಹಳೇ ಬಸ್ಸನ್ನು ಡಕೋಟ ಅಂತ ಬೈಯುತ್ತೇವಲ್ಲ, ಆ ಹೆಸರಿನ ಅಸಲಿ ವಿಮಾನ. ಮಾವನ ಎದುರಿಗೆ ಬಸ್ಸನ್ನು ಹಾಗೆ ಕರೆದರೆ ಊಟದ ಎಲೆ ಬಿಟ್ಟು ಎದ್ದುಬಿಡುತ್ತಾರೆ.

ಹೋದ ವರ್ಷ ಅವರ ಮನೆಯ ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸುವಾಗ ಒಂದು ಟ್ರಂಕು ಸಿಕ್ಕಿತು. ಒಳಗೆ ಪ್ಲಾಸ್ಟಿಕ್ ಡಕೋಟ. ರೆಕ್ಕೆಯಿಂದ ರೆಕ್ಕೆಗೆ ಹತ್ತಿರ ಹತ್ತಿರ ಒಂದು ಮೊಳ. ಮಾವ ಕೆಲಸ ಬಿಟ್ಟು ಬರುವಾಗ ಪೈಲಟ್ ಒಬ್ಬರು ಕೊಟ್ಟಿದ್ದ ಉಡುಗೊರೆಯಂತೆ. ಬಣ್ಣ ಹಳದಿಗೆ ತಿರುಗಿತ್ತು. ಒಂದು ಫ್ಯಾನನ್ನು ಇಲಿ ಮುಗಿಸಿತ್ತು.

“ನಾನು ಸರಿ ಮಾಡ್ತೀನಿ ಮಾವ,” ಅಂದೆ.

“ಮಾಡೋದಾದ್ರೆ ನೆಟ್ಟಗೆ ಮಾಡಿ. ಇಲ್ಲಾಂದ್ರೆ ಮುಟ್ಬ್ಯಾಡಿ ಬುಡಿ.”

ನನ್ನ ಮನಸ್ಸಿನಲ್ಲಿ ಬೇರೊಂದು ಆಸೆಯೂ ಇತ್ತು. ಬೆಂಗಳೂರಿನಲ್ಲಿ ವರ್ಷಕ್ಕೊಂದು ಮಾಡೆಲ್ ಸ್ಪರ್ಧೆ ನಡೆಯುತ್ತದೆ. ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದಿದ್ದೇನೆ. ಹೋದ ಸಲ ಸೀಟ್ ಬೆಲ್ಟಿನ ಬಣ್ಣ ಅಸಲಿ ವಿಮಾನದ ಹಳೇ ಫೋಟೋದಲ್ಲಿದ್ದ ಹಾಗಿಲ್ಲವೆಂದು ಮಾರ್ಕ್ಸ್ ಕತ್ತರಿಸಿದರು. ಜಡ್ಜ್‌ಗಳು ಟಾರ್ಚ್ ಬಿಟ್ಟು ನೋಡುತ್ತಾರೆ ಕಣ್ರೀ. ಫೋಟೋದಲ್ಲಿ ಇರುವುದೆಲ್ಲ ಇರಬೇಕು, ಇಲ್ಲದ್ದು ಒಂದೂ ಇರಬಾರದು. ಈ ಸಲ ಕಪ್ ತರಲೇಬೇಕು ಅಂತ ಕೂತೆ.

ನಮ್ಮ ಸೀಮೆಯಲ್ಲಿ ಸಾಮಾನಿಗೇನು ಬರ? ತೆಂಗಿನ ಗರಿಯ ಕಡ್ಡಿ ಸೀಳಿ ಏಣಿ ಮಾಡಿದೆ. ನಾರಿನ ಒಂದೊಂದೇ ಎಳೆ ಬಿಡಿಸಿ ಒಳಗೆ ಮೂಟೆ ಬಿಗಿಯುವ ಹಗ್ಗ. ಚಿಪ್ಪು ಉಜ್ಜಿ ಚಕ್ರಕ್ಕೆ ಅಡ್ಡ ಕೊಡುವ ತುಂಡು. ಮಾತ್ರೆ ಸುತ್ತಿದ ಬೆಳ್ಳಿ ಹಾಳೆಯಿಂದ ಬೆಲ್ಟಿನ ಬಕಲ್. ರೆಕ್ಕೆಯ ತುಂಬ ಸೂಜಿ ಮೊನೆಯಿಂದ ಚುಚ್ಚಿ ಚುಚ್ಚಿ ರಿವೆಟ್. ನೆತ್ತಿಯಿಂದ ಬಾಲದವರೆಗೆ ಆಂಟೆನಾ ತಂತಿ, ಅದೇ ಹೆಂಡತಿಯ ಕೂದಲು. ಮೂರು ತಿಂಗಳು ಹಿಡಿಯಿತು. ಅಂಗಡಿಗೆ ಕಣ್ಣು ತೋರಿಸಲು ಬಂದವರು ನನ್ನ ಕಣ್ಣು ನೋಡಿ ಮರುಗುತ್ತಿದ್ದರು.

ಸ್ಪರ್ಧೆಗೆ ಒಂದು ವಾರವಿದೆ ಅನ್ನುವಾಗ ಮಾವನನ್ನು ಕರೆಸಿದೆ. ಅವರು ತಪಾಸಣೆ ಮಾಡದೆ ಏನನ್ನೂ ನಂಬುವವರಲ್ಲ. ಬಸ್ ಹತ್ತುವ ಮೊದಲು ಟೈರಿಗೊಂದು ಒದೆ ಕೊಟ್ಟು ನೋಡುತ್ತಾರೆ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದರು.

“ಎಲ್ಲಾ ಸರಿಯಾಗೈತೆ,” ಅಂದರು. “ಆದ್ರೆ ಇದು ನಮ್ಮ ವಿಮಾನ ಅಲ್ಲ ಕಣ್ರೀ.”

ಭೂತಗನ್ನಡಿ ಇಸಿದುಕೊಂಡು ನಾನೇ ಬಗ್ಗಿ ನೋಡಿದೆ. “ಏನು ಕಮ್ಮಿಯಾಗಿದೆ ಮಾವ?”

ಮಾವ ಒಮ್ಮೆ ಬಾಗಿಲ ಕಡೆ ನೋಡಿದರು. ಆಫೀಸರ್ ಬಂದುಬಿಟ್ಟಾನು ಅನ್ನುವ ಭಯ ಇಷ್ಟು ವರ್ಷದ ಮೇಲೂ ಹೋಗಿಲ್ಲ. ದನಿ ತಗ್ಗಿಸಿದರು.

“ಚಕ್ರ ಮಡಚ್ಕೊಳೋ ಗೂಡೈತಲ್ಲ, ಅದರ ಗೋಡೆಗೆ ದಿನಾ ಮೂರು ಬೆರಳು ವಿಭೂತಿ ಎಳೀತಿದ್ದೆ. ಯಾರ್ಗೂ ಕಾಣ್ದಂಗೆ. ಕಂಡಿದ್ರೆ ನನ್ನ ಕೆಲಸ ಹೋಗಿರೋದು.”

“ನೀವೇ ಬಿಗಿದ ನಟ್ಟು ಬೋಲ್ಟು. ಅದರ ಮೇಲೆ ನಿಮಗೇ ನಂಬಿಕೆ ಇರಲಿಲ್ವಾ?”

“ಬಿಗಿಯೋನು ನಾನು. ಮೇಲಕ್ಕೆ ಹೋಗೋನು ಇನ್ಯಾರ್ದೋ ಮನೆ ಮಗ. ಅವನು ವಾಪಸ್ ಇಳಿಯೋವರ್ಗೂ ನನ್ನ ಗಂಟಲಲ್ಲಿ ಕಾಫಿ ಇಳೀತಿರ್ಲಿಲ್ಲ.”

ಅದೂ ನಿಜವೇ. ಆದರೆ ಕಪ್? ಫೋಟೋದಲ್ಲಿಲ್ಲದ ಮೂರು ಗೆರೆ ಎಳೆದರೆ ಮಾರ್ಕ್ಸ್ ಹೋಗುವುದು ಗ್ಯಾರಂಟಿ. ಜಾಣನ ಹಾಗೆ ಒಂದು ಉಪಾಯ ತೆಗೆದೆ. “ಬೆಂಗಳೂರಿಗೆ ಹೋಗಿ ಬಂದ ಮೇಲೆ ಹಚ್ಚಿಬಿಡ್ತೀನಿ ಮಾವ.”

“ಹೋಗಿ ಬಂದ್ಮೇಲೆ ಹಚ್ಚಿದ್ರೆ ಏನ್ ಬಂತು? ಹೋಗೋಕ್ ಮುಂಚೆ ತಾನೆ ಬೇಕಾಗೋದು?”

ಜಾಣತನ ಮಡಚಿಟ್ಟು ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದೆ.

ಮಾವನ ಮೂರು ಬೆರಳು ಎಳೆದ ಮೂರು ಇಂಚಿನ ಪಟ್ಟೆ ಈ ಅಳತೆಗೆ ಇಳಿದರೆ ಒಂದು ಮಿಲಿಮೀಟರ್. ಅಷ್ಟರಲ್ಲಿ ಮೂರು ಗೆರೆ! ನನ್ನ ಅತಿ ಸಣ್ಣ ಬ್ರಷ್ಷೂ ಅಲ್ಲಿ ಪೊರಕೆಯಂತೆ ಕಂಡಿತು. ಮತ್ತೆ ಹೋಗಿ ಹೆಂಡತಿಯ ಬಾಚಣಿಗೆ ಮುಂದೆ ನಿಂತೆ.

“ಈ ಸಲ ಬಿಳೀದಾದ್ರೂ ನಡೆಯುತ್ತೋ?” ಅಂದಳು.

ಒದ್ದೆ ವಿಭೂತಿಯಲ್ಲಿ ಕೂದಲು ಅದ್ದಿ ಎಳೆದೆ, ಒರೆಸಿದೆ, ಮತ್ತೆ ಎಳೆದೆ. ನಾಲ್ಕು ದಿನ. ಮಾವ ಊರಿಗೆ ಹೋಗದೆ ಪಕ್ಕದಲ್ಲೇ ಟಾರ್ಚ್ ಹಿಡಿದು ಕೂತರು. ಕೊನೆಗೆ ಮೂರೂ ಗೆರೆ ಮೂಡಿದವು.

“ಮಧ್ಯದ್ದು ಸೊಟ್ಟ.”

“ಅಳಿಸಲಾ?”

“ಬ್ಯಾಡ ಬುಡಿ. ನಾನೂ ಅವಸರದಲ್ಲಿ ಸೊಟ್ಟಕ್ಕೇ ಎಳೀತಿದ್ದೆ.” ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಈಗ ನಮ್ದು.”

ಹೋದರೆ ಹೋಗಲಿ ಕಪ್ ಅಂತ ನನಗೂ ಅನ್ನಿಸಿತು. (ಒಂದೈದು ನಿಮಿಷ.)

ಬೆಂಗಳೂರಿನಲ್ಲಿ ಜಡ್ಜ್ ಸಾಹೇಬರು ಮೊದಲು ಟಾರ್ಚ್ ಬಿಟ್ಟಿದ್ದೇ ಚಕ್ರದ ಗೂಡಿಗೆ.

“ಇದೇನ್ರೀ ಬಿಳಿ ಗೆರೆ?”

“ವಿಭೂತಿ ಸಾರ್.”

“ಯಾವ ಫೋಟೋದಲ್ಲಿದೆ?”

“ನಮ್ಮ ಮಾವ ಹೇಳಿದ್ದು ಸಾರ್.”

ಅವರು ಪೆನ್ ತೆಗೆದು ಏನೋ ಬರೆದುಕೊಂಡರು. ಏನು ಅಂತ ಸಂಜೆ ಗೊತ್ತಾಯಿತು. ಗೆರೆಗಳಿಗೆ ಎರಡು ಮಾರ್ಕ್ಸ್ ಕತ್ತರಿಸಿದ್ದರು, ಅಷ್ಟರಲ್ಲೇ ಕಪ್ ಹೋಯಿತು.

ಇದರ ಮಧ್ಯೆ ಹೆಂಡತಿಯ ಫೋನ್. “ಅಪ್ಪ ಬೆಳಿಗ್ಗೆಯಿಂದ ಕಾಫಿ ಮುಟ್ಟಿಲ್ಲ ಕಣ್ರೀ. ಗ್ಯಾಸ್ಟ್ರಿಕ್ಕಾ ಅಂತ ಕೇಳಿದ್ರೆ ನನ್ಗೇ ಬೈತಾರೆ.”

ರೈಲಿಳಿದು ಮನೆಗೆ ಬಂದರೆ ಮಾವ ಜಗಲಿಯ ಮೇಲೆ ನಿಂತೇ ಇದ್ದರು. ಕಪ್ ಏನಾಯಿತು ಅಂತ ಕೇಳಲೇ ಇಲ್ಲ. ಡಬ್ಬ ಬಿಚ್ಚಿ ರೆಕ್ಕೆ, ಬಾಲ, ಫ್ಯಾನು ಎಲ್ಲ ಮುಟ್ಟಿ ನೋಡಿದರು. ಆಮೇಲೆ ವಿಮಾನ ಮಗುಚಿ, ಪಂಚೆಯ ತುದಿಯನ್ನು ಸೂಜಿಯಂತೆ ಹೊಸೆದು, ಎಂಜಲು ಹಚ್ಚಿ, ಚಕ್ರದ ಗೂಡಿನೊಳಕ್ಕೆ ಹಾಕಿ ಒಂದು ಸುತ್ತು ತಿರುಗಿಸಿದರು. ನನ್ನ ನಾಲ್ಕು ದಿನದ ಕೆಲಸ ಪಂಚೆಗೆ ಬಂತು.

“ಮಾವ!”

“ಕ್ಷೇಮವಾಗಿ ಬಂತಲ್ಲ, ಬಂದ್ಮೇಲೆ ಒರೆಸ್ಬೇಕು ಕಣ್ರೀ. ಹಂಗೇ ಬುಟ್ಟು, ಯಾರಾದ್ರೂ ಫೋಟೋ ಗೀಟೋ ತೆಗುದ್ರೆ?” ಅಂದವರು ಒಳಕ್ಕೆ ತಿರುಗಿ ಮಗಳಿಗೆ ಹೇಳಿದರು. “ಈಗ ತಗೊಂಡ್ ಬಾರವ್ವ ಕಾಫಿ.”

ಜಡ್ಜ್ ಸಾಹೇಬರೇ, ವಿಮಾನ ಈಗ ನಿಮ್ಮ ಫೋಟೋದಲ್ಲಿರುವ ಹಾಗೇ ಇದೆ. ಆ ಎರಡು ಮಾರ್ಕ್ಸ್ ವಾಪಸ್ ಕೊಡ್ತೀರಾ?